ನಮ್ಮ ಬೀದಿಯಲ್ಲಿ ಹಿಡಿಯುವಂತಿರಲಿಲ್ಲ

ನಮ್ಮ ತೊರ್ತಿಯಾ ರೊಟ್ಟಿ ಅಂಗಡಿಯ ಮೂಲೆಯಲ್ಲಿ ಒಂದು ಆಟದ ಮಷೀನಿದೆ. ಬೀರುವಿನಷ್ಟು ಎತ್ತರ, ಮುಂದೆ ಗಾಜು, ಗಾಜಿನ ಕೆಳಗೆ ಇಬ್ಬರಿಗೆ ಎರಡು ಕೋಲು ಮತ್ತು ಗುಂಡಿಗಳ ಸಾಲು. ಗಾಜಿನೊಳಗೆ ಎರಡು ಬೊಂಬೆಗಳು ಬಡಿದಾಡುವ ಆಟ. ಹೆಸರು ನೋಚೆ ದೆ ಫಿಯೆರಾಸ್, ಅಂದರೆ ಮೃಗಗಳ ರಾತ್ರಿ. ನಾವು ಬರೀ ಫಿಯೆರಾಸ್ ಅನ್ನುತ್ತೇವೆ. ಎಷ್ಟೋ ವರ್ಷ ಅದು ಮೂಲೆಯಲ್ಲಿ ಸತ್ತು ಬಿದ್ದಿತ್ತು. ತೊರ್ತಿಯಾ ಸುತ್ತಿಕೊಡುವ ಕಾಗದದ ಕಟ್ಟುಗಳನ್ನು ನಾನು ಅದರ ತಲೆಯ ಮೇಲೆ ಪೇರಿಸಿಡುತ್ತಿದ್ದೆ. ಬೆಕ್ಕು ಮರಿ ಹಾಕಿದ್ದು ಅದರ ಹಿಂದೆ. ಈಗ ನೋಡಿದರೆ ಊರಿನ ಆ ತುದಿಯಿಂದ, ಎರಡೆರಡು ಮೆಟ್ರೊ ಬದಲಾಯಿಸಿ, ಕಾಲೇಜು ಓದುವ ಮಕ್ಕಳು ಅದನ್ನು ನೋಡಲು ಊರಂಚಿನ ನಮ್ಮ ಬಡಾವಣೆ ನೆಸಾದ ಈ ಧೂಳಿಗೆ ಬರುತ್ತಾರೆ. ಮುಟ್ಟಿ ನೋಡುತ್ತಾರೆ. ಮೂಸಿ ನೋಡಿದವನೂ ಒಬ್ಬನಿದ್ದ. ಅವರು ಹುಟ್ಟುವ ಮೊದಲೇ ಬಂದು, ಅವರು ನಡೆಯಲು ಕಲಿಯುವಷ್ಟರಲ್ಲಿ ಎಲ್ಲರಿಗೂ ಬೇಡವಾಗಿದ್ದ ಆಟ ಅದು.

ಯಾಕೆ ಬರುತ್ತೀರಿ ಅಂತ ಕೇಳಿದರೆ, ಹೊಸ ಆಟಗಳಲ್ಲಿ ಜೀವ ಇಲ್ಲ ಅನ್ನುತ್ತಾರೆ. ಫಿಯೆರಾಸ್ ಈಗ ಮೊಬೈಲಿನಲ್ಲೂ ಸಿಗುತ್ತದಂತೆ, ದೊಡ್ಡ ಹಾಲುಗಳಲ್ಲಿ ಪಂದ್ಯ ನಡೆಯುತ್ತದಂತೆ, ಗೆದ್ದವರನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರಂತೆ. ಆದರೆ ಹಳೆಯ ಗುಂಡಿಯನ್ನು ಹಳೆಯ ಮಷೀನಿನಲ್ಲೇ ಒತ್ತಬೇಕು, ಪಕ್ಕದಲ್ಲಿ ತೊರ್ತಿಯಾ ಬೇಯುವ ವಾಸನೆ ಇರಬೇಕು, ಆಗಲೇ ಮಜವಂತೆ. ಆ ವಾಸನೆಯಲ್ಲಿ ನಲವತ್ತು ವರ್ಷ ಬೆಂದವಳಿಗೆ ಅದರ ಮಜ ತಿಳಿಯಲಿಲ್ಲ. ಬರಲಿ ಬಿಡಿ. ಕಾಯುವ ಹೊತ್ತಿನಲ್ಲಿ ತಿನ್ನುತ್ತಾರೆ, ಸೋಡಾ ಕುಡಿಯುತ್ತಾರೆ, ನನಗೂ ವ್ಯಾಪಾರ ಆಗುತ್ತದೆ.

ನನ್ನ ಹೆಸರು ಎರ್ಮೆಲಿಂದಾ, ಬೀದಿಯವರಿಗೆ ದೊನ್ಯಾ, ಅಂದರೆ ಅಮ್ಮಾವ್ರು. ಅಂಗಡಿ ಅಪ್ಪನದು, ಅಪ್ಪ ಹೋದ ಮೇಲೆ ನನ್ನದು. ಮುಂದೆ ತಕ್ಕಡಿಯ ಹತ್ತಿರ ನಾನು. ಹಿಂದೆ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ಗಿರಣಿಗೆ ಸುರಿಯುವವನು ನನ್ನ ತಮ್ಮ ಫಿದೆನ್ಸಿಯೊ. ಆ ಹೆಸರಿನಿಂದ ಅವನನ್ನು ಕರೆಯುವವಳು ನಾನೊಬ್ಬಳೇ. ಬೀದಿಯಲ್ಲಿ ಅವನಿಗೆ ಹಿಡುಕ ಅಂತ ಹೆಸರು. ಹಿಡುಕ ಅಂತಲೇ ಕರೆಯುತ್ತಾರೆ, ಅವನೂ ಓಗೊಡುತ್ತಾನೆ. ಯಾಕೆ ಆ ಹೆಸರು ಬಂತು ಅಂತ ಗೊತ್ತಿಲ್ಲದ ಪುಟ್ಟ ಮಕ್ಕಳು ಕೂಡ, ಹಿಡುಕ ಮಾಮಾ ಒಂದು ಬಿಸಿ ತೊರ್ತಿಯಾ ಕೊಡು ಅಂತ ಮುದ್ದಾಗಿ ಕೇಳುತ್ತವೆ. ಉಪ್ಪು ಸವರಿ ಸುರುಳಿ ಸುತ್ತಿ ಕೊಡುತ್ತಾನೆ. ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾನೆ. ಮುಂದಿನ ಹಲ್ಲುಗಳಿಲ್ಲ. ಎಡಗಿವಿಯೂ ಕೇಳುವುದಿಲ್ಲ, ಅವನ ಜೊತೆ ಮಾತಾಡುವವರು ಬಲಕ್ಕೆ ನಿಲ್ಲಬೇಕು.

ಇದೆಲ್ಲ ಆದದ್ದು ಈ ಮಷೀನಿನಿಂದ.

ಅಪ್ಪ ಅದನ್ನು ತಂದಿದ್ದು ತೊರ್ತಿಯಾಕ್ಕೆ ಸಾಲು ನಿಲ್ಲುವ ಹುಡುಗರು ಬೇಸರಪಟ್ಟು ಬೇರೆ ಅಂಗಡಿಗೆ ಹೋಗದಿರಲಿ ಅಂತ. ಆಮೇಲೆ ಸಾಲು ಮಷೀನಿಗೇ ಬೆಳೆಯಿತು. ಆಡಬೇಕಾದವನು ತನ್ನ ನಾಣ್ಯವನ್ನು ಗಾಜಿನ ಅಂಚಿನಲ್ಲಿ ಇಡುತ್ತಿದ್ದ. ಅಲ್ಲಿ ನಾಣ್ಯ ಇದ್ದರೆ ಅವನ ಸರದಿ ಅಂತ ಲೆಕ್ಕ, ಜಗಳವಿಲ್ಲ. ಇನ್ನೊಂದು ಕಟ್ಟಳೆ ಇತ್ತು. ನೆಸಾದಲ್ಲಿ ಎಲ್ಲ ಕಡೆಯೂ ಇತ್ತು, ನಮ್ಮ ಬೀದಿಯಲ್ಲಿ ಬಲು ಬಿಗಿ. ಗುದ್ದಬಹುದು, ಒದೆಯಬಹುದು, ಬೆಂಕಿ ಉಗುಳಬಹುದು. ಹಿಡಿದು ಎತ್ತಿ ಎಸೆಯುವಂತಿಲ್ಲ. ಹಿಡಿದರೆ ಎದುರಿನವನು ಏನೂ ಮಾಡಲಾರ, ಕೈಕಟ್ಟಿ ನೋಡುತ್ತಿರಬೇಕು, ಅದು ಹೇಡಿ ಆಟ ಅನ್ನುತ್ತಿದ್ದರು. ಅಪ್ಪ ಗೋಡೆಯ ಮೇಲೆ ದೊಡ್ಡದಾಗಿ ಬಣ್ಣದಲ್ಲಿ ಬರೆಸಿದ್ದ, ಇಲ್ಲಿ ಹಿಡಿಯುವಂತಿಲ್ಲ ಅಂತ. ಯಾರಾದರೂ ಹಿಡಿದರೆ, ಹಿಡಿಸಿಕೊಂಡವನು ಎರಡೂ ಕೈ ಮೇಲೆತ್ತಿ ಮಷೀನಿನಿಂದ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಅಷ್ಟೇ ದೂರು. ಮುಂದಿನದ್ದನ್ನು ನಿಂತವರು ನೋಡಿಕೊಳ್ಳುತ್ತಿದ್ದರು. ಆದರೆ ಹಾಗೆ ಆಗುತ್ತಲೇ ಇರಲಿಲ್ಲ. ನಮ್ಮ ಬೀದಿಯಲ್ಲಿ ಯಾರೂ ಹಿಡಿಯುತ್ತಿರಲಿಲ್ಲ.

ಆಗ ಚೆನ್ನಾಗಿ ಆಡುತ್ತಿದ್ದವರು ಇಬ್ಬರು. ಒಬ್ಬ ನಮ್ಮ ಫಿದೆನ್ಸಿಯೊ, ಹದಿನಾರರ ಹುಡುಗ. ಇನ್ನೊಬ್ಬ ಎದುರು ಮನೆಯ ನಿಕಾನೊರ್, ಅವನಿಗೂ ಅಷ್ಟೇ ವಯಸ್ಸು. ನಿಕಾನೊರ್ ಆಡುತ್ತಿದ್ದದ್ದು ಬಿಳಿ ಸನ್ಯಾಸಿಯನ್ನು. ಚುರುಕು, ಅಂದ, ಹಾರಿ ಹಾರಿ ಒದೆಯುವವನು. ನನ್ನ ತಮ್ಮ ಆಡುತ್ತಿದ್ದದ್ದು ಕರಡಿಯನ್ನು. ಕರಡಿ ಕುಸ್ತಿಯವನು, ಅವನ ಬಲವೆಲ್ಲ ಹಿಡಿಯುವುದರಲ್ಲಿ. ಹಿಡಿಯದೆ ಕರಡಿಯನ್ನು ಆಡುವುದು ಅಂದರೆ ಒಂದೇ ಕೈಯಲ್ಲಿ ತೊರ್ತಿಯಾ ತಟ್ಟಿದ ಹಾಗೆ. ಅವನು ತಟ್ಟುತ್ತಿದ್ದ. ಬರೀ ಗುದ್ದಿನಲ್ಲಿ, ಬರೀ ಕಾಯುವ ತಾಳ್ಮೆಯಲ್ಲಿ, ಸನ್ಯಾಸಿಯನ್ನು ಮೂಲೆಗೆ ತಳ್ಳುತ್ತಿದ್ದ. ಬೇರೆ ಯಾವುದರಲ್ಲೂ ಅವನು ಜಾಣನಲ್ಲ. ಶಾಲೆಯಲ್ಲಿ ದಡ್ಡ, ಫುಟ್ಬಾಲಿನಲ್ಲಿ ಬೆಂಚು ಕಾಯುವವನು. ಆ ಮಷೀನಿನ ಮುಂದೆ ನಿಂತಾಗ ಮಾತ್ರ ಬೀದಿ ಅವನ ಬೆನ್ನನ್ನು ಗೌರವದಿಂದ ನೋಡುತ್ತಿತ್ತು. ಅವನು ಕರಡಿಯನ್ನು ಆಡುತ್ತಿದ್ದದ್ದೇ ಅವನಿಗೆ ಮುಳುವಾಯಿತು.

ಪಕ್ಕದ ಬೀದಿಯವರ ಮೇಲೆ ನಮ್ಮ ಬೀದಿಯ ಪರವಾಗಿ ಯಾರು ಆಡಬೇಕು ಅಂತ ಇವರಿಬ್ಬರ ನಡುವೆ ಆಟ ಇಟ್ಟರು. ಅಂಗಡಿ ತುಂಬ ಜನ, ಹೊರಗೂ ಜನ. ಕೊನೆಯ ಸುತ್ತು, ನಿಕಾನೊರ್ ಸೋಲುತ್ತಿದ್ದ. ಸನ್ಯಾಸಿಗೆ ಇನ್ನೊಂದು ಗುದ್ದು ಬಿದ್ದರೆ ಮುಗಿಯಿತು. ಆಗ ಎರಡೂ ಬೊಂಬೆಗಳು ಒಂದಕ್ಕೊಂದು ಅಂಟಿಕೊಂಡವು, ಕರಡಿ ಸನ್ಯಾಸಿಯನ್ನು ತಲೆಯ ಮೇಲೆತ್ತಿ ನೆಲಕ್ಕೆ ಬಡಿಯಿತು. ಮಷೀನು ಗುಡುಗಿತು. ಆ ಸದ್ದನ್ನು ನಾವು ಯಾರೂ ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ನಿಕಾನೊರ್ ಎರಡೂ ಕೈ ಮೇಲೆತ್ತಿ ಹಿಂದೆ ಸರಿದ. ಮುಖ ಬಿಳಿಚಿಕೊಂಡಿತ್ತು, ಪಾಪ ಅನ್ನಿಸುವ ಹಾಗೆ.

ನನ್ನ ತಮ್ಮ ತಿರುಗಿ, ನಾನು ಒತ್ತಲಿಲ್ಲ ಅಂದ. ಎರಡನೇ ಸಲ ಅನ್ನಲು ಬಿಡಲಿಲ್ಲ. ಅಂಗಡಿಯ ಹಿಂದೆ, ಜೋಳ ತೊಳೆಯುವ ತೊಟ್ಟಿಯ ಹತ್ತಿರ ಎಳೆದುಕೊಂಡು ಹೋದರು. ಪಂಕ್ಚರ್ ಅಂಗಡಿಯ ಪೊರ್ಫಿರಿಯೊ ಸೋಡಾ ಬಾಟಲಿಯ ಕ್ರೇಟಿನಲ್ಲಿ ಬಾಯಿಗೆ ಹೊಡೆದ. ಕ್ರೇಟು ಎತ್ತಿದ್ದು ಅವನೊಬ್ಬನೇ. ಮಿಕ್ಕವರು ಕಾಲಲ್ಲೇ ಮುಗಿಸಿದರು. ಅಪ್ಪ ತಕ್ಕಡಿಯ ಹಿಂದೆ ನಿಂತು ಅರ್ಧ ಕಿಲೊ, ಒಂದು ಕಿಲೊ ತೂಗುತ್ತಿದ್ದ. ಆಮೇಲೆ ಮಗನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ, ಮನೆಗೆ ತಂದ, ಹಾಸಿಗೆಯ ಪಕ್ಕ ಕೂತು, ಗೋಡೆಯ ಮೇಲೆ ನಾನೇ ಬರೆಸಿ ನನ್ನ ಮಗನೇ ಹಿಡಿದರೆ ಗಿರಾಕಿಗಳ ಮುಖ ಹೇಗೆ ನೋಡಲಿ ಅಂತ ಕೇಳಿದ. ಊದಿಕೊಂಡ ಬಾಯಲ್ಲಿ ಅವನು, ಬೆರಳು ಜಾರಿರಬೇಕಪ್ಪಾ ಅಂದ. ಅಪ್ಪನಿಗೆ ಸಮಾಧಾನವಾಗಲಿ ಅಂತ ಅಂದದ್ದು. ಅನ್ನುತ್ತ ಅನ್ನುತ್ತ ತಾನೇ ನಂಬಿದ.

ಅವತ್ತಿನಿಂದ ಅವನು ಮಷೀನನ್ನು ಮುಟ್ಟುವಂತಿರಲಿಲ್ಲ. ಅಪ್ಪನ ಅಂಗಡಿಯಲ್ಲಿ ಅಪ್ಪನ ಮಷೀನು, ಮಗ ಮಾತ್ರ ಆಡುವಂತಿಲ್ಲ. ಒರೆಸಬಹುದು, ಬಲ್ಬು ಬದಲಾಯಿಸಬಹುದು. ಒಮ್ಮೆ, ಅಪ್ಪ ಸತ್ತ ಹೊಸತರಲ್ಲಿ, ಈಗ ಆಡೋ, ಅಂಗಡಿ ನಮ್ಮದು, ಯಾರು ಕೇಳುತ್ತಾರೆ ಅಂತ ಬೈದೆ. ಅವನು ತಲೆ ಅಲ್ಲಾಡಿಸಿದ. ಒಬ್ಬನೇ ಆಡಿದರೆ ಏನು ಬಂತು, ನಾಲ್ಕು ಜನ ಇದ್ದಾಗ ನಾಣ್ಯ ಇಟ್ಟು ಆಡಬೇಕು, ಇಡಪ್ಪಾ ಅಂತ ಅವರು ಅನ್ನಬೇಕು ಅಂದ. ಅವನಿಗೆ ಬೇಕಾಗಿದ್ದದ್ದು ಅದೊಂದೇ. ಮದುವೆ ಮಾತು ಬಂದಾಗ ಹುಡುಗಿಯ ಅಪ್ಪ, ಹಿಡುಕನಿಗೆ ಕೊಡುವುದಿಲ್ಲ ಅಂತ ನಗುತ್ತಲೇ ಅಂದ. ಅದನ್ನು ಇವನು ಮರೆತ. ಮಷೀನನ್ನು ಮಾತ್ರ ಮರೆಯಲಿಲ್ಲ. ಅದು ಕೆಟ್ಟು ಮೂಲೆ ಸೇರಿದ ಮೇಲೂ ವಾರಕ್ಕೊಮ್ಮೆ ಕಾಗದದ ಕಟ್ಟು ಇಳಿಸಿ ಧೂಳು ಹೊಡೆಯುತ್ತಿದ್ದ.

ನಿಕಾನೊರ್ ಬೆಳೆದು ದೊಡ್ಡ ಮನುಷ್ಯನಾದ. ದುಡ್ಡಿನಲ್ಲಲ್ಲ, ಮಾತಿನಲ್ಲಿ. ನೀರಿನ ಟ್ಯಾಂಕರು ಬಂದಾಗ ಯಾರ ಡ್ರಮ್ಮು ಮೊದಲು ತುಂಬಬೇಕು ಅಂತ ಹೇಳುವವನು ಅವನು. ಗೋಡೆಯ ಜಗಳ, ನಾಯಿಯ ಜಗಳ, ಗಂಡ ಹೆಂಡಿರ ಜಗಳ, ಎಲ್ಲಕ್ಕೂ ಅವನನ್ನೇ ಕರೆಯುತ್ತಾರೆ. ಸೋಲುವಾಗಲೂ ಹಿಡಿಯದೆ ಇದ್ದ ಹುಡುಗ ಅವನು ಅಂತ ಮುದುಕರು ಈಗಲೂ ಹೇಳುತ್ತಾರೆ. ಹೊಟ್ಟೆ ಬಂದಿದೆ, ಮೀಸೆ ಬಂದಿದೆ, ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸವೂ ಬಂದಿದೆ. ನಾನು ಅವನ ತೀರ್ಪಿಗೆ ಒಮ್ಮೆಯೂ ಹೋದವಳಲ್ಲ.

ಇನ್ನು ಈಗಿನ ಕತೆ. ಫಿಯೆರಾಸ್ ಹುಚ್ಚು ಮತ್ತೆ ಹಿಡಿದಾಗ ಆ ಮಕ್ಕಳಲ್ಲಿ ಮೊದಲು ನಮ್ಮ ಅಂಗಡಿ ಹುಡುಕಿಕೊಂಡು ಬಂದವಳು ಯುನುವೆನ್ ಅನ್ನುವ ಹುಡುಗಿ. ಗಂಡುಮಕ್ಕಳ ಹಾಗೆ ಕೂದಲು ಕತ್ತರಿಸಿದ, ಇಪ್ಪತ್ತರ ಆಸುಪಾಸಿನ, ಕಡ್ಡಿಯಂಥವಳು. ಅವಳೇ ಯಾರನ್ನೋ ಕರೆತಂದು ಮಷೀನು ರಿಪೇರಿ ಮಾಡಿಸಿದಳು. ಆಟದ ಒಳಗಿನ ಒಂದೊಂದು ಮಿಣುಕೂ ಅವಳಿಗೆ ಬಾಯಿಪಾಠ. ಭಾನುವಾರಗಳಲ್ಲಿ ಗೆಳೆಯರ ದಂಡು ಕಟ್ಟಿಕೊಂಡು ಬಂದು ಆಡುತ್ತಿದ್ದಳು, ಆಡುವುದನ್ನು ವಿಡಿಯೊ ಮಾಡಿ ಸಾವಿರಾರು ಜನಕ್ಕೆ ತೋರಿಸುತ್ತಿದ್ದಳು. ಅವರು ಹಿಡಿಯುತ್ತಿದ್ದರು. ಎತ್ತಿ ಎತ್ತಿ ಎಸೆಯುತ್ತಿದ್ದರು. ಗೋಡೆಯ ಮೇಲಿನ ಅಪ್ಪನ ಬರಹದ ಮುಂದೆ ನಿಂತು ನಗುತ್ತ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಮೊದಲ ಸಲ ಅಂಗಡಿಯಲ್ಲಿ ಆ ಗುಡುಗು ಮತ್ತೆ ಕೇಳಿದಾಗ ಗಿರಣಿಯ ಹತ್ತಿರ ನನ್ನ ತಮ್ಮನ ಕೈಯಿಂದ ಬಕೆಟ್ಟು ಬಿತ್ತು. ಯಾರಾದರೂ ಹೊಡೆಯುತ್ತಾರೆ ಅಂತ ಕಾದ. ಯಾರೂ ಹೊಡೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪೊರ್ಫಿರಿಯೊ, ಹೊಸ ಕಾಲ ಅಂತ ಭುಜ ಕುಣಿಸಿ ಸೋಡಾ ಕೊಂಡ.

ನಿಕಾನೊರ್‌ಗೆ ಕೆಮರಾದ ರುಚಿ ಹತ್ತಿದ್ದೂ ಆಗಲೇ. ಹಳೆಯ ಕಾಲದ ಆಟಗಾರ ಅಂತ ಯುನುವೆನ್ ಅವನನ್ನು ಮಾತಾಡಿಸಿದಳು. ಅವನು ಗಂಟಲು ಸರಿಮಾಡಿಕೊಂಡು, ನಮ್ಮ ಬೀದಿಯಲ್ಲಿ ಹಿಡಿದರೆ ಹಲ್ಲು ಉದುರಿಸುತ್ತಿದ್ದೆವು ಅಂತ ಶುರುಮಾಡಿದ. ಕತೆಗೆ ಸಾಕ್ಷಿ ಬೇಕಲ್ಲ. ಹಿಡುಕಾ, ಬಾರೋ ಇಲ್ಲಿ, ಬಾಯಿ ತೆಗಿ ಅಂತ ಕೂಗಿದ. ನನ್ನ ತಮ್ಮ ಕೈ ಒರೆಸಿಕೊಳ್ಳುತ್ತ ಬಂದು, ಅಡ್ಡ ಇಟ್ಟುಕೊಳ್ಳುವ ಕೈಯನ್ನು ಕೆಳಗಿಳಿಸಿ, ಕೆಮರಾಕ್ಕೆ ಬಾಯಿ ತೆಗೆದು ತೋರಿಸಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಆ ವಿಡಿಯೊವನ್ನು ಜನ ಮುಗಿಬಿದ್ದು ನೋಡಿದರಂತೆ. ಅದಾದ ಮೇಲೆ ಬಂದವರೆಲ್ಲ ಮಷೀನಿನ ಜೊತೆ ಅವನ ಬಾಯನ್ನೂ ನೋಡಬೇಕು ಅನ್ನುತ್ತಿದ್ದರು. ನಾನು ತಕ್ಕಡಿಯ ಕಲ್ಲು ಎತ್ತಿಕೊಂಡು ಒಬ್ಬನನ್ನು ಅಟ್ಟಿಸಿಕೊಂಡು ಹೋದೆ. ಅದನ್ನೂ ವಿಡಿಯೊ ಮಾಡಿದರು.

ಒಂದು ಭಾನುವಾರ ನಿಕಾನೊರ್ ಮತ್ತೆ ಅದೇ ಕತೆ ಹೇಳುತ್ತಿದ್ದ. ಹೊಸಬರು ಬಹಳ ಬಂದಿದ್ದರು, ಹಳಬರೂ ಇದ್ದರು. ಯುನುವೆನ್ ಈ ಸಲ ಕತೆಯನ್ನು ಅರ್ಧಕ್ಕೆ ನಿಲ್ಲಿಸಿ, ಕರಡಿ ಸನ್ಯಾಸಿಯನ್ನು ಎತ್ತಿದ್ದು ಹೇಗೆ, ಸೊಂಟ ಹಿಡಿದೋ ಕೊರಳು ಹಿಡಿದೋ ಅಂತ ಕೇಳಿದಳು. ನಿಕಾನೊರ್‌ಗೆ ನೆನಪಿರಲಿಲ್ಲ, ಅಥವಾ ನೆನಪಿಲ್ಲ ಅಂದ. ಅವಳು ನನ್ನ ತಮ್ಮನ ಕಡೆ ತಿರುಗಿದಳು. ಎಡಕ್ಕೆ ನಿಂತಿದ್ದಳು, ನಾನು ಅವಳ ತೋಳು ಹಿಡಿದು ಬಲಕ್ಕೆ ತಂದು ನಿಲ್ಲಿಸಿದೆ.

"ತಲೆ ಮೇಲಕ್ಕೆ," ಅಂದ ಫಿದೆನ್ಸಿಯೊ. "ಎರಡೂ ಕೈಲಿ ಅಡ್ಡಡ್ಡ ಎತ್ತಿತು. ಅದಕ್ಕೆ ಮುಂಚೆ ಸನ್ಯಾಸಿ ಕೈ ಹತ್ರ ಬಿಳೀದೊಂದು ಉಂಗುರ ಮಿಂಚಿತು."

"ಯಾರ ಕೈ ಹತ್ರ? ಕರಡಿದಾ?"

"ಇಲ್ಲಮ್ಮ, ಸನ್ಯಾಸಿದು. ಈಗ್ಲೂ ಕಣ್ಮುಚ್ಚಿದ್ರೆ ಕಾಣ್ಸುತ್ತೆ."

 ಅವಳ ಮುಖ ಅರಳಿತು, ಬೀದಿಯಲ್ಲಿ ಬಿದ್ದ ನೋಟು ಸಿಕ್ಕವರ ಮುಖ ಅರಳುವ ಹಾಗೆ. ಆಡುತ್ತಿದ್ದವರನ್ನು ಪಕ್ಕಕ್ಕೆ ತಳ್ಳಿ, ಒಂದು ಕೋಲಿಗೆ ಗೆಳೆಯನನ್ನು ನಿಲ್ಲಿಸಿ, ಇನ್ನೊಂದನ್ನು ತಾನು ಹಿಡಿದಳು. ಗೆಳೆಯ ಸನ್ಯಾಸಿ, ಅವಳು ಕರಡಿ. ಎಲ್ಲರೂ ನೋಡಿ ಅಂದಳು. ಸನ್ಯಾಸಿ ಕೈ ಚಾಚಿದ, ಕೈಯ ಹತ್ತಿರ ಬಿಳಿ ಉಂಗುರ ಮಿಂಚಿತು, ಎರಡು ಬೊಂಬೆ ಅಂಟಿಕೊಂಡವು. ಕರಡಿ ಸನ್ಯಾಸಿಯನ್ನು ಅಡ್ಡಡ್ಡ ತಲೆಯ ಮೇಲೆತ್ತಿ ನೆಲಕ್ಕೆ ಬಡಿಯಿತು. ಅದೇ ಗುಡುಗು. ಅದೇ ಚಿತ್ರ. 

ಅವಳು ಬಿಡಿಸಿ ಹೇಳಿದಳು, ಮಗುವಿಗೆ ಹೇಳುವ ಹಾಗೆ. ಹಿಡಿಯುವವನ ಕೈಯ ಹತ್ತಿರ ಉಂಗುರ ಮಿಂಚುತ್ತದೆ. ಹಿಡಿಸಿಕೊಂಡವನು ಆ ಕ್ಷಣದಲ್ಲೇ ಕೋಲನ್ನು ಹಿಂದಕ್ಕೆಳೆದು ಗುದ್ದಿನ ಗುಂಡಿ ಒತ್ತಿದರೆ ಹಿಡಿತ ಮಗುಚಿಕೊಂಡು ಹಿಡಿದವನೇ ಕೆಳಗೆ ಬೀಳುತ್ತಾನೆ. ಕರಡಿ ಹೀಗೆ ಅಡ್ಡಡ್ಡ ಎತ್ತುವುದು ಅದೊಂದೇ ಹೊತ್ತಿನಲ್ಲಿ. ತಾನಾಗಿ ಹಿಡಿದರೆ ಸೊಂಟ ಹಿಡಿದು ಹಿಂದಕ್ಕೆಸೆಯುತ್ತದೆ. ಅಂದರೆ ಅವತ್ತು ಹಿಡಿದದ್ದು ಕರಡಿಯಲ್ಲ, ಸನ್ಯಾಸಿ. ನನ್ನ ತಮ್ಮ ಕೋಲು ಹಿಂದಕ್ಕೆಳೆದು ಗುದ್ದಲು ಹೋದ ಗಳಿಗೆಯೂ ಸನ್ಯಾಸಿ ಹಿಡಿದ ಗಳಿಗೆಯೂ ಒಂದೇ ಆಗಿ ಮಗುಚಿಕೊಂಡಿದೆ, ಅಷ್ಟೇ. ನಿಮಗೆ ಇದು ಗೊತ್ತೇ ಇರಲಿಲ್ಲವಾ ಅಂತ ಹಳಬರನ್ನು ಕೇಳಿದಳು. ಗೊತ್ತಾಗುವುದು ಹೇಗೆ? ನಮ್ಮಲ್ಲಿ ಯಾರೂ ಹಿಡಿದವರಿಲ್ಲ, ಹಿಡಿದರೆ ಏನಾಗುತ್ತದೆ ಅಂತ ಕಂಡವರಿಲ್ಲ. ನಮ್ಮ ಒಳ್ಳೆಯತನವೇ ನಮ್ಮ ಕಣ್ಣಿಗೆ ಮಣ್ಣೆರಚಿತ್ತು.

 ಎಲ್ಲರೂ ನಿಕಾನೊರ್ ಕಡೆ ನೋಡಿದರು. ನಾನೂ ನೋಡಿದೆ. ಇಷ್ಟು ವರ್ಷದಲ್ಲಿ ನಾನು ಇದಕ್ಕಿಂತ ಹೆಚ್ಚಾಗಿ ಏನನ್ನೂ ಬಯಸಿರಲಿಲ್ಲ ಅಂತ ಆ ಹೊತ್ತಿಗೆ ಗೊತ್ತಾಯಿತು. ಅವನ ಮೀಸೆ ಅದುರುವುದನ್ನು ನೋಡಬೇಕಿತ್ತು. ಬೆವರುವುದನ್ನು, ತಡವರಿಸುವುದನ್ನು, ಬಾಗಿಲ ಕಡೆ ಕಣ್ಣು ಹಾಯಿಸುವುದನ್ನು ನೋಡಬೇಕಿತ್ತು.

ನಿಕಾನೊರ್ ನಕ್ಕುಬಿಟ್ಟ. ಹೊಟ್ಟೆ ಕುಲುಕುವ ಹಾಗೆ ನಕ್ಕ.

"ಸಿಕ್ಕಿಹಾಕಿಸ್ಬಿಟ್ಟಳಲ್ಲಪ್ಪ ಈ ಹುಡುಗಿ," ಅಂದ. "ಒತ್ತಿದ್ದೆ ಕಣಮ್ಮ. ಸೋಲ್ತಿದ್ದೆ, ಒತ್ತಿದೆ. ಏನೋ ಉಲ್ಟಾ ಹೊಡೀತು, ಕೈ ಎತ್ಬಿಟ್ಟೆ. ಹದಿನಾರು ವರ್ಷದ ಕೋತಿಗಳು ನಾವು ಆಗ."

 ಮಕ್ಕಳೆಲ್ಲ ಒಟ್ಟಿಗೆ ಹೋ ಅಂದರು. ಸಿಟ್ಟಿನಿಂದಲ್ಲ. ಒಬ್ಬ ಅವನ ಬೆನ್ನು ತಟ್ಟಿದ. ಹಿಡಿಯುವುದೂ ತಾನೇ, ಕೈ ಎತ್ತುವುದೂ ತಾನೇ, ಏನು ತಲೆ ಅಂದರು. ಅಲ್ಲೇ ನಿಂತು ಅದಕ್ಕೆ ನಿಕಾನೊರಾಸೊ ಅಂತ ಹೆಸರಿಟ್ಟರು. ಇನ್ನು ಮುಂದೆ ಪಂದ್ಯಗಳಲ್ಲಿ ಸೋಲುವವನು ಹಾಗೆ ಹಿಡಿದು ಸುಮ್ಮನೆ ಕೈ ಎತ್ತಿದರೆ ಅದು ನಿಕಾನೊರಾಸೊ. ಅವನು ಗಂಟಲು ಸರಿಮಾಡಿಕೊಂಡು ಕೆಮರಾಕ್ಕೆ ಇನ್ನೊಮ್ಮೆ ಕೈ ಎತ್ತಿ ತೋರಿಸಿದ, ಮುಖ ಬಿಳಿಚಿಕೊಂಡದ್ದನ್ನೂ ನಟಿಸಿದ. ಚೆನ್ನಾಗಿಯೇ ನಟಿಸಿದ. ಅವತ್ತು ನಾನು ಕಂಡ ಮುಖವೇ ಅದು.

ನಾನು ಹಳಬರ ಕಡೆ ತಿರುಗಿದೆ. ಕ್ರೇಟು ಎತ್ತಿದ್ದ ಪೊರ್ಫಿರಿಯೊ ಅಲ್ಲೇ ಇದ್ದ, ಈಗ ಮೊಮ್ಮಗಳನ್ನು ಎತ್ತಿಕೊಂಡಿದ್ದ. ಏನಯ್ಯಾ ಹೇಳುತ್ತೀಯ ಅಂತ ಕೇಳಿದೆ.

"ಯಾರೋ ಒಬ್ರು ಹಿಡಿದಿದ್ರಲ್ಲ ದೊನ್ಯಾ," ಅಂದ. "ಹಿಡೀದೇ ಇದ್ರೆ ನಾವ್ಯಾಕೆ ಹೊಡೀತಿದ್ವಿ?"

ನನ್ನ ತಮ್ಮನ ಹಲ್ಲಿಗೆ ಏನು ಹೇಳುತ್ತೀರಿ ಅಂತ ಕೂಗಿದೆ. ದನಿ ಒಡೆದುಹೋಯಿತು, ನನಗೇ ಅಸಹ್ಯವಾಗುವ ಹಾಗೆ. ನಿಕಾನೊರ್ ಹತ್ತಿರ ಬಂದು ನನ್ನ ಭುಜದ ಮೇಲೆ ಕೈ ಇಟ್ಟು, ಕಟ್ಟಿಸಿಕೊಡೋಣ ದೊನ್ಯಾ ಎರ್ಮೆಲಿಂದಾ, ನಾನೇ ಕಟ್ಟಿಸಿಕೊಡುತ್ತೇನೆ ಅಂದ. ಅದಕ್ಕೂ ಚಪ್ಪಾಳೆ ಬಿತ್ತು. ಎಂಥ ದೊಡ್ಡ ಮನಸ್ಸು ಅಂತ ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದಳು. ಆ ಕೈಯನ್ನು ಕಚ್ಚಬೇಕು ಅನ್ನಿಸಿತು ನನಗೆ. ಕಚ್ಚಬೇಕಿತ್ತು.

ಇಷ್ಟು ಹೊತ್ತೂ ಫಿದೆನ್ಸಿಯೊ ಮಷೀನಿನ ಪಕ್ಕದಲ್ಲೇ ನಿಂತಿದ್ದ. ಅವನ ಕಿವಿಗೆ ಎಷ್ಟು ಬಿತ್ತೋ ಎಷ್ಟು ಬಿಟ್ಟಿತೋ. ನಾನಲ್ಲ ಅಂತಾಯಿತಾ ಅಂತ ಯುನುವೆನ್‌ಳನ್ನು ಮೆಲ್ಲಗೆ ಕೇಳಿದ. ಅಲ್ಲ ಅಂಕಲ್, ನೀವಲ್ಲವೇ ಅಲ್ಲ, ಮೇಲಾಗಿ ಆ ಮಗುಚುವುದಿದೆಯಲ್ಲ ಅದು ನಮಗೂ ಹತ್ತರಲ್ಲಿ ಒಂದು ಸಲ ಬಂದರೆ ಹೆಚ್ಚು ಅಂದಳು. ಅವನು ತಲೆಯಾಡಿಸಿದ. ಒದ್ದೆ ಹಿಟ್ಟಿನ ಏಪ್ರನ್ನಿನ ಒಳಗೆ ಕೈ ಹಾಕಿ, ಪ್ಯಾಂಟಿನ ಜೇಬಿನಿಂದ ಒಂದು ನಾಣ್ಯ ತೆಗೆದು, ಗಾಜಿನ ಅಂಚಿನಲ್ಲಿ ಇಟ್ಟ. ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು, ಹಳಬರ ಕಡೆ ನೋಡಿದ.

ಪೊರ್ಫಿರಿಯೊ ನಿಕಾನೊರ್ ಕಡೆ ನೋಡಿದ. ತೀರ್ಪು ಕೊಡುವವನು ಈಗಲೂ ಅವನೇ. ನಿಕಾನೊರ್ ಧಾರಾಳವಾಗಿ ಕೈ ಬೀಸಿದ. "ಇಡೋ ಇಡೋ. ಬಾ, ನನ್ನ ಜೊತೇನೇ ಆಡು. ಹುಡುಗ್ರೂ ನೋಡ್ಲಿ."

ಕೆಮರಾಗಳು ಎದ್ದವು. ನಿಕಾನೊರ್ ಸನ್ಯಾಸಿಯನ್ನು ಆರಿಸಿದ, ನನ್ನ ತಮ್ಮ ಕರಡಿಯನ್ನು. ಅವನ ಬೆನ್ನು ನೆಟ್ಟಗಾದದ್ದನ್ನು ಕಂಡೆ. ಆ ಬೆನ್ನನ್ನು ನಾನು ಎಂದೋ ಕಂಡದ್ದು. ಈಗ ಗೆಲ್ಲುತ್ತಾನೆ ಅಂತ ಮನಸ್ಸು ಹಾರಿತು. ನನ್ನಂಥವಳೂ ಹಾಗೆ ಆಸೆಪಡುತ್ತಾಳೆ.

ಮೊದಲ ಎರಡು ಗುದ್ದು ಅವನವೇ. ಬೆರಳಿಗೆ ಇನ್ನೂ ನೆನಪಿತ್ತು. ಸನ್ಯಾಸಿ ಹಿಂದೆ ಸರಿದ, ಮಕ್ಕಳು ಕೂಗಿದರು. ಅಷ್ಟರಲ್ಲಿ ನಿಕಾನೊರ್ ಹಿಡಿದ. ಎತ್ತಿ ಎಸೆದ. ಕರಡಿ ಏಳುವಷ್ಟರಲ್ಲಿ ಮತ್ತೆ ಹಿಡಿದ. ಫಿದೆನ್ಸಿಯೊ ಕೈಗಳನ್ನು ಮೇಲೆತ್ತಿ ಒಂದು ಹೆಜ್ಜೆ ಹಿಂದೆ ಸರಿದ.

ಯಾರೂ ಅಲ್ಲಾಡಲಿಲ್ಲ. ಮಕ್ಕಳಿಗೆ ಅದು ಏನೆಂದೇ ತಿಳಿಯಲಿಲ್ಲ. ಕೈ ಯಾಕೆ ಬಿಟ್ಟಿರಿ ಅಂಕಲ್, ಆಡಿ ಆಡಿ ಅಂದರು. ಹಳಬರಿಗೆ ತಿಳಿಯಿತು; ಒಬ್ಬ ಚಾವಣಿ ನೋಡಿದ, ಪೊರ್ಫಿರಿಯೊ ಮೊಮ್ಮಗಳ ಮೂಗು ಒರೆಸಿದ. ಕರಡಿ ಒಂಟಿಯಾಗಿ ನಿಂತಿತ್ತು, ಸನ್ಯಾಸಿ ಅದನ್ನು ಎತ್ತಿ ಎತ್ತಿ ಹಾಕುತ್ತಿದ್ದ.

"ಈಗ ಎಲ್ಲಾ ನಡೆಯುತ್ತೆ ಕಣೋ ಹಿಡುಕಾ," ಅಂದ ನಿಕಾನೊರ್, ಕಣ್ಣು ಗಾಜಿನಿಂದ ತೆಗೆಯದೆ. "ನೀನೂ ಹಿಡಿ."

ನನ್ನ ತಮ್ಮ ಮತ್ತೆ ಕೋಲು ಹಿಡಿದ. ಹಿಡೀರಿ ಅಂಕಲ್, ಕರಡಿ ಇರೋದೇ ಹಿಡಿಯೋಕೆ ಅಂತ ಮಕ್ಕಳು ಗುಂಡಿಯನ್ನೂ ತೋರಿಸಿದರು. ಅವನು ಆ ಗುಂಡಿ ಮುಟ್ಟಲಿಲ್ಲ. ಗುದ್ದುತ್ತಿದ್ದ, ಕಾಯುತ್ತಿದ್ದ, ಮತ್ತೆ ಗುದ್ದುತ್ತಿದ್ದ. ಹಿಡಿದವನನ್ನೇ ಮಗುಚಿ ಎಸೆಯುವುದು ಅವತ್ತು ತಾನಾಗಿ ಬಂದಿತ್ತು, ಇವತ್ತು ಬರಲಿಲ್ಲ. ಇಡೀ ಅಂಗಡಿಯಲ್ಲಿ ಗೋಡೆಯ ಬರಹವನ್ನು ನಂಬಿದವನು ಅವನೊಬ್ಬನೇ ಉಳಿದಿದ್ದ. ಆಟ ಮುಗಿಯಿತು. ಇನ್ನೊಂದು ನಾಣ್ಯ ಇಟ್ಟ. ಅದೂ ಮುಗಿಯಿತು. ಮಕ್ಕಳು ಈಗ ನಗುತ್ತಿದ್ದರು. ಯುನುವೆನ್ ಮಾತ್ರ ಮೊಬೈಲು ಕೆಳಗಿಳಿಸಿದಳು, ಆದರೆ ಅವಳೂ ಸಾಕು ಅನ್ನಲಿಲ್ಲ.

ನಾನು ತಕ್ಕಡಿ ಬಿಟ್ಟು ಬಂದು ಮಷೀನಿನ ಹಿಂದೆ ಕೈ ಹಾಕಿ ಪ್ಲಗ್ಗು ಹಿಡಿದೆ. ಇಡೀ ಮಷೀನನ್ನೇ ಬೀದಿಗೆ ಉರುಳಿಸುವ ಸಿಟ್ಟು ಬಂದಿತ್ತು. ಅಷ್ಟರಲ್ಲಿ ಅವನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಹಿಟ್ಟು ಮೆತ್ತಿದ, ಒದ್ದೆ ಕೈ. ಅವನ ಮುಖ ನೋಡಿದೆ. ನಗುತ್ತಿದ್ದ. ಬಾಯಿಗೆ ಕೈ ಅಡ್ಡ ಇಟ್ಟಿರಲಿಲ್ಲ.

"ಬಿಡಕ್ಕಾ," ಅಂದ. "ಆಡಕ್ಕೆ ಬಿಟ್ಟಿದ್ದಾರೆ."

ಪ್ಲಗ್ಗು ಬಿಟ್ಟೆ. ಸಾಲಿನಲ್ಲಿದ್ದ ಹೆಂಗಸು ಒಂದು ಕಿಲೊ ಕೇಳಿದಳು. ಹೋಗಿ ತೂಗಿ ಕೊಟ್ಟೆ, ಆಮೇಲಿನವಳಿಗೆ ಅರ್ಧ ಕಿಲೊ. ಬೆನ್ನ ಹಿಂದೆ ಆ ಗುಡುಗು ಮತ್ತೆ ಮತ್ತೆ ಕೇಳುತ್ತಲೇ ಇತ್ತು.